ಮಳೆಗಾಲದ ಕರಾವಳಿಯಲ್ಲಿ ತಾಜಾ ಮೀನು ಕೇಳಬೇಡಿ

ಮುಂಗಾರು ಕಾಲಿಡುವ ಹೊತ್ತಿಗೆ ಕರಾವಳಿ ಪ್ರವಾಸದ ಬಗ್ಗೆ ಒಂದೇ ರಾಗದ ಪ್ರಚಾರವೂ ಶುರುವಾಗುತ್ತದೆ. ಒಬ್ಬರೇ ಕಾರು ಹತ್ತಿ, ತಲಪಾಡಿಯಿಂದ ಕಾರವಾರದಾಚೆಯ ಮಾಜಾಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಯನ್ನು ಸೀಳಿಕೊಂಡು ಹೋಗಬೇಕಂತೆ. ಮರವಂತೆಯಲ್ಲಿ ಉಕ್ಕುವ ಅಲೆಗಳ ಎದುರು ನಿಂತು ಫೋಟೊ ತೆಗೆದುಕೊಳ್ಳಬೇಕಂತೆ. ಹಸಿವಾದಲ್ಲಿ ನಿಲ್ಲಿಸಿ ಅಂಜಲ್ ಫ್ರೈ, ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ ಸವಿಯಬೇಕಂತೆ. ಗಾಳಿಮಳೆಗೆ ಅಂಜದವನೇ ನಿಜವಾದ ಪಯಣಿಗ, ತಾಜಾ ಮೀನೇ ಕರಾವಳಿಯ ನಿಜವಾದ ಊಟ ಎಂಬ ಎರಡು ನಂಬಿಕೆಗಳ ಮೇಲೆ ಈ ಪ್ರಚಾರ ನಿಂತಿದೆ. ಎರಡೂ ತಪ್ಪು. ಎರಡರ ಬೇರೂ ಒಂದೇ: ಬಿರುಗಾಳಿಯನ್ನು ಕರಾವಳಿಯ ಬದುಕಿನಿಂದ ಬೇರೆ ಮಾಡಿ, ಅದನ್ನು ನೋಡಿ ಆನಂದಿಸುವ ಅಥವಾ ಎದುರಿಸಿ ಗೆಲ್ಲುವ ಒಂದು ದೃಶ್ಯವನ್ನಾಗಿ ಮಾಡಿಕೊಂಡಿರುವುದು. ಆದರೆ ಈ ನೆಲದಲ್ಲಿ ಯಾವಾಗ ಏನು ತಿನ್ನಬೇಕು, ಯಾವಾಗ ಎಲ್ಲಿಗೆ ಹೋಗಬಾರದು ಎಂಬುದನ್ನು ತಲೆಮಾರುಗಳಿಂದ ನಿರ್ಧರಿಸಿಕೊಂಡು ಬಂದಿರುವುದು ಆ ಗಾಳಿಮಳೆಯೇ. ಅದರ ಮಾತು ಕೇಳದೆ ಕರಾವಳಿಯುದ್ದಕ್ಕೂ ಸುತ್ತಿ ಬಂದವರು ಕರಾವಳಿಯ ಊಟವನ್ನು ಉಂಡಿಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ತಟ್ಟೆಯ ಮೇಲಿನ ಮೀನಿನಿಂದಲೇ ಆರಂಭಿಸೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ಕಾರವಾರದ ಬೈತಖೋಲದಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟುಗಳು ಸಾಲಾಗಿ ಲಂಗರು ಹಾಕಿ ನಿಂತಿರುತ್ತವೆ. ಮೀನುಗಾರರು ಬಲೆ ರಿಪೇರಿಗೆ ಕೂತಿರುತ್ತಾರೆ. ಅದೇ ಹೊತ್ತಿನಲ್ಲಿ ಹೆದ್ದಾರಿ ಬದಿಯ ಹೋಟೆಲುಗಳ ಪಟ್ಟಿಯಲ್ಲಿ ಅಂಜಲ್, ಮಾಂಜಿ, ಬೊಂಡಾಸ್ ಯಾವುದೂ ಕಡಿಮೆಯಾಗಿರುವುದಿಲ್ಲ. ಹಾಗಾದರೆ ಆ ಮೀನು ಎಲ್ಲಿಯದು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ತಮಿಳುನಾಡು, ಆಂಧ್ರ, ಒಡಿಶಾದ ಮೀನು ಮಂಜುಗಡ್ಡೆಯೊಂದಿಗೆ ಲಾರಿ ಹತ್ತಿ ಇಲ್ಲಿಗೆ ಬರುತ್ತದೆ. ಅದು ಸಾಲದಿದ್ದರೆ ತಿಂಗಳುಗಳ ಹಿಂದೆ ಹಿಡಿದು ಶೀತಲಗೃಹದಲ್ಲಿಟ್ಟ ದಾಸ್ತಾನು ಹೊರಬೀಳುತ್ತದೆ. ಎದುರಿಗೆ ಅರಬ್ಬಿ ಸಮುದ್ರ ಕಾಣುತ್ತಿದೆ ಎಂಬ ಕಾರಣಕ್ಕೆ ಬಂಗಾಳ ಕೊಲ್ಲಿಯ ಮೀನು ಸ್ಥಳೀಯ ಊಟವಾಗುವುದಿಲ್ಲ. ದೂರದಿಂದ ಬಂದ ಮೀನೆಲ್ಲ ಕೆಟ್ಟದ್ದು ಎಂದು ಹೇಳುತ್ತಿಲ್ಲ. ಆದರೆ ಸಾಗಣೆ ಉದ್ದವಾದಷ್ಟೂ ಮೀನನ್ನು ತಾಜಾ ಎಂದು ತೋರಿಸಲೇಬೇಕಾದ ಒತ್ತಡ ಹೆಚ್ಚುತ್ತದೆ. 2018ರಲ್ಲಿ ಹೊರರಾಜ್ಯಗಳಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ಇರುವುದನ್ನು ಕೇರಳದ ಅಧಿಕಾರಿಗಳು ಪತ್ತೆಹಚ್ಚಿದ್ದು, ಅದರ ಬೆನ್ನಿಗೇ ಗೋವಾ ಸರ್ಕಾರ ಹೊರಗಿನ ಮೀನು ತರುವುದನ್ನು ಕೆಲ ಕಾಲ ನಿಲ್ಲಿಸಿದ್ದು ಜೂನ್, ಜುಲೈ ತಿಂಗಳುಗಳಲ್ಲೇ. ಕಡಲು ಮುಚ್ಚಿದ್ದರೂ ತಟ್ಟೆ ತುಂಬಿರಬೇಕೆಂಬ ಹಟಕ್ಕೂ ಆ ಪ್ರಕರಣಗಳಿಗೂ ನೇರ ಸಂಬಂಧವಿದೆ.

ನಿಷೇಧವನ್ನು ಸರ್ಕಾರದ ಒಂದು ಕಟ್ಟಳೆಯೆಂದಷ್ಟೇ ನೋಡುವುದು ಇನ್ನೂ ದೊಡ್ಡ ತಪ್ಪು. ನಮ್ಮ ಬೂತಾಯಿ, ಉತ್ತರ ಕನ್ನಡದವರ ತಾರ್ಲೆ, ಮುಖ್ಯವಾಗಿ ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಬಂಗುಡೆಯ ಸಂತಾನಕಾಲವೂ ಬಹುಮಟ್ಟಿಗೆ ಇದೇ ಹೊತ್ತಿಗೆ ಬರುತ್ತದೆ. ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಡದಿಂದ ದೂರ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೇರುತ್ತದೆ. ಆ ನೀರಿನಲ್ಲಿರುವ ಪೋಷಕಾಂಶಗಳಿಗೆ ಬಿಸಿಲು ತಾಗಿ ಸೂಕ್ಷ್ಮಸಸ್ಯಗಳು ಕೋಟಿಗಟ್ಟಲೆ ಬೆಳೆಯುತ್ತವೆ. ನೇತ್ರಾವತಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳು ಘಟ್ಟದಿಂದ ತರುವ ಕೆಂಪು ನೀರೂ ಇದಕ್ಕೆ ಜತೆಯಾಗುತ್ತದೆ. ಮರಿಮೀನುಗಳಿಗೆ ಅದೇ ಆಹಾರ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಕೊಬ್ಬೇರಿದ ಬೂತಾಯಿ ಕಾವಲಿಯ ಮೇಲೆ ತನ್ನದೇ ಎಣ್ಣೆ ಬಿಡುತ್ತದಲ್ಲ, ಆ ರುಚಿ ತಯಾರಾಗುವುದು ಜುಲೈ ತಿಂಗಳ ರೊಚ್ಚಿಗೆದ್ದ ಕಡಲಿನಲ್ಲಿ. ಆದ್ದರಿಂದ ಮಳೆಗಾಲದಲ್ಲಿ ಮೀನು ಸಿಗದಿರುವುದನ್ನು ಕರಾವಳಿಯ ಕೊರತೆಯೆಂದು ಎಣಿಸುವುದು ಅವಿವೇಕ. ಅದು ವರ್ಷದ ಉಳಿದ ತಿಂಗಳುಗಳ ಊಟಕ್ಕೆ ಕಡಲು ಮಾಡಿಕೊಳ್ಳುವ ಸಿದ್ಧತೆ. ಮೊಗವೀರರು, ಖಾರ್ವಿಗಳು, ಹರಿಕಂತರು ಕಾನೂನು ಬರುವುದಕ್ಕೆ ಬಹಳ ಹಿಂದಿನಿಂದಲೂ ಈ ತಿಂಗಳುಗಳಲ್ಲಿ ಆಳದ ಕಡಲಿಗೆ ಇಳಿಯುತ್ತಿರಲಿಲ್ಲ. ನೂಲಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆಯೇ ಋತು ತೆರೆಯುವುದೆಂಬ ಕಟ್ಟುಪಾಡಿನಲ್ಲಿ ಭಕ್ತಿಯ ಜತೆಗೆ ಈ ತಿಳಿವಳಿಕೆಯೂ ಇದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ನಿಷೇಧ ಎಲ್ಲ ದೋಣಿಗಳಿಗೂ ಅನ್ವಯಿಸುವುದಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳು ದಡದ ಹತ್ತಿರ ಮೀನು ಹಿಡಿಯಬಹುದು. ಕಡಲಲ್ಲಿ ತೂಫಾನ್ ಎದ್ದು ಇಳಿದ ಮೇಲೆ ಸಿಗಡಿ ಮತ್ತು ಸಣ್ಣ ಮೀನು ದಡದತ್ತ ಬರುತ್ತವೆಂದು ನಾಡದೋಣಿಯವರು ಕಾಯುತ್ತಾರೆ. ಹಾಗಿದ್ದ ಮೇಲೆ ಮಳೆಗಾಲದಲ್ಲಿ ತಾಜಾ ಮೀನೇ ಇಲ್ಲ ಎನ್ನುವುದು ಹೇಗೆ? ಇದೆ, ಮತ್ತು ಅದು ಸಿಕ್ಕಿದ ದಿನ ತಿನ್ನುವುದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ಆ ಮೀನು ತೂಫಾನಿನ ಲೆಕ್ಕಾಚಾರದಂತೆ ಬರುತ್ತದೆಯೇ ಹೊರತು ಪ್ರವಾಸಿಗನ ವೇಳಾಪಟ್ಟಿಯಂತಲ್ಲ. ಒಂದು ವಾರ ಬುಟ್ಟಿ ತುಂಬಬಹುದು, ಮುಂದಿನ ಎರಡು ವಾರ ದೋಣಿ ದಡ ಬಿಟ್ಟು ಕದಲದಿರಬಹುದು. ದಿನವೂ, ಪ್ರತಿ ಹೋಟೆಲಿನಲ್ಲೂ, ಬೇಕೆಂದ ಜಾತಿಯ ಮೀನೇ ಬೇಕೆಂಬ ಬೇಡಿಕೆಯನ್ನು ನಾಡದೋಣಿ ಎಂದೂ ಪೂರೈಸಲಾರದು. ಪೂರೈಸಲೆಂದು ಅಲೆಗಳ ಬಾಯಿಗೆ ದೋಣಿ ನುಗ್ಗಿಸಿದರೆ ಜೀವ ಹೋಗುವುದು ಅದರಲ್ಲಿ ಕೂತವರದ್ದು. ಮಳೆಗಾಲದಲ್ಲಿ ಅಳಿವೆಬಾಗಿಲಲ್ಲಿ ದೋಣಿ ಮಗುಚಿದ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. "ಅಂಜಲ್ ಇದೆಯಾ?" ಎನ್ನುವ ಬದಲು "ಇವತ್ತು ಏನು ಬಂದಿದೆ?" ಎಂದು ಕೇಳಿ, ಏನೂ ಬಂದಿಲ್ಲವೆಂದರೆ ಅದನ್ನು ಒಪ್ಪಿಕೊಳ್ಳುವ ಗ್ರಾಹಕನಿಗೆ ಮಾತ್ರ ಆ ಮೀನಿನ ಮೇಲೆ ಹಕ್ಕಿದೆ.

ಹಾಗಾದರೆ ಏನೂ ಬಾರದ ದಿನ ಕರಾವಳಿ ಏನು ಉಣ್ಣುತ್ತದೆ? ಪ್ರಚಲಿತ ನಂಬಿಕೆ ಪೂರ್ತಿ ಸೋಲುವುದು ಈ ಪ್ರಶ್ನೆಯ ಮುಂದೆ. ಮುಂಗಾರಿನ ನಾಲ್ಕು ತಿಂಗಳಲ್ಲಿ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ನೆಲ ಇದು. ವರ್ಷದ ಮೂರನೆಯ ಒಂದು ಭಾಗ ಒಲೆ ಉರಿಸುವುದಕ್ಕೇ ಕಷ್ಟವಾದ, ಸಂತೆ ಸರಿಯಾಗಿ ಕೂಡದ, ತೋಟದಲ್ಲಿ ತರಕಾರಿ ಕೊಳೆಯುವ ಕಾಲ. ಅದಕ್ಕೆಂದೇ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕರಾವಳಿಯ ಮನೆಗಳು ಇನ್ನೊಂದು ಅಡುಗೆಮನೆಯನ್ನೇ ಕಟ್ಟಿಕೊಳ್ಳುತ್ತವೆ. ಹಲಸಿನ ಸೊಳೆ ಉಪ್ಪುನೀರಿನ ಭರಣಿಗೆ ಹೋಗುತ್ತದೆ. ಜುಲೈಯಲ್ಲಿ ಅದೇ ಸೊಳೆ ರೊಟ್ಟಿಯಾಗಿ, ಪಲ್ಯವಾಗಿ, ಉಂಡ್ಲಕಾಳಾಗಿ ಹೊರಬರುತ್ತದೆ. ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಮಾವಿನ ರಸ ಚಾಪೆಯ ಮೇಲೆ ಪದರಪದರವಾಗಿ ಒಣಗಿ ಮಾಂಬಳವಾಗುತ್ತದೆ. ಪುನರ್ಪುಳಿಯ ಸಿಪ್ಪೆ ಒಣಗಿ ಡಬ್ಬಿ ಸೇರುತ್ತದೆ. ಮಂಗಳೂರು ಸೌತೆಗೆ ತೆಂಗಿನ ಗರಿಯ ಬಳ್ಳಿ ಕಟ್ಟಿ ಮಾಡಿನ ಪಕಾಸಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಂಗುಡೆ, ತಾರ್ಲೆ, ಸಿಗಡಿ, ಶಾರ್ಕ್‌ಗಳು ಉಪ್ಪು ಹಿಡಿದು ಬಿಸಿಲಿಗೆ ಒಣಗಿ ಮೂಟೆಯಾಗುತ್ತವೆ. ಅಂಕೋಲಾ, ಕಾರವಾರದ ಪೇಟೆಗಳಲ್ಲಿ ಮಳೆಗೆ ಮುಂಚೆ ಒಣಮೀನು ಕೊಳ್ಳಲು ಘಟ್ಟದ ಮೇಲಿನವರೂ ಇಳಿದು ಬರುತ್ತಾರೆ.

ಮಳೆ ಹಿಡಿದ ಮೇಲೆ ಈ ದಾಸ್ತಾನಿನ ಜತೆಗೆ ಮಳೆಯೇ ಕೊಡುವ ಹಸಿರು ಸೇರುತ್ತದೆ: ಮರಕೆಸುವಿನ ಪತ್ರೊಡೆ, ಕಣಿಲೆಯ ಪಲ್ಯ, ತುಳುವರು ತಜಂಕ್ ಎನ್ನುವ ಚಗಟೆ ಸೊಪ್ಪು, ಒಂದೆಲಗದ ತಂಬುಳಿ, ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ. ತೆಂಕಣ ತುದಿಯಿಂದ ಬಡಗಣ ತುದಿಯವರೆಗೆ ಇದೇ ಸಾಮಗ್ರಿ ಬೇರೆ ಬೇರೆ ರೂಪ ತಾಳುತ್ತದೆ. ದಕ್ಷಿಣ ಕನ್ನಡದಲ್ಲಿ ಒಣ ಸಿಗಡಿ ಚಟ್ನಿಯಾಗುತ್ತದೆ, ಇಲ್ಲವೇ ಸೌತೆಕಾಯಿಯ ಜತೆ ಸಾರಿಗೆ ಬೀಳುತ್ತದೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಅದಕ್ಕೆ ಹಸಿ ತೆಂಗಿನತುರಿ, ಈರುಳ್ಳಿ ಬೆರೆಸಿ ಕಿಸ್ಮೂರ್ ಮಾಡುತ್ತಾರೆ. ಉಡುಪಿಯ ಮಾಧ್ವ ಮನೆಗಳಲ್ಲಿ ಇದೇ ಋತುವಿಗೆ ಚಾತುರ್ಮಾಸ್ಯ ಬಂದು, ಶಾಕವ್ರತದ ತಿಂಗಳಲ್ಲಿ ತರಕಾರಿಯನ್ನೇ ಬಿಟ್ಟು ಅಡುಗೆ ಮಾಡುವ ಇನ್ನೊಂದು ಪಾಕಶಾಸ್ತ್ರ ಬೆಳೆದಿದೆ. ಮೀನುಗಾರರ ಕೇರಿಯಿಂದ ಮಠದ ಪಾಕಶಾಲೆಯವರೆಗೆ ಎಲ್ಲರೂ ಮಳೆಯ ಲೆಕ್ಕದಲ್ಲೇ ಒಲೆ ಹಚ್ಚಿದ್ದಾರೆ. ಉಪ್ಪು, ಹುಳಿ, ಬಿಸಿಲು, ಹೊಗೆ ಇವುಗಳನ್ನು ಬಳಸಿ ಕಾಲವನ್ನು ಹಿಡಿದಿಡುವ ವಿದ್ಯೆ ಇದು. ಮೀನನ್ನು ಮಸಾಲೆ ಮೆತ್ತಿ ಕರಿಯುವುದು ಯಾವ ಊರಿನಲ್ಲೂ ಆಗುತ್ತದೆ. ಬಿರುಮಳೆಯ ನೆಲದಲ್ಲಿ ಮಾತ್ರ ಹುಟ್ಟಬಹುದಾದ ಅಡುಗೆ ಈ ಭರಣಿ, ಮೂಟೆ, ಮಾಡುಗಳಲ್ಲಿದೆ. ಸ್ಥಳೀಯ ರುಚಿ ಹುಡುಕಿಕೊಂಡು ನೂರಾರು ಕಿಲೋಮೀಟರ್ ಬಂದವರು ಇದನ್ನು ಬಿಟ್ಟು ಹೋಗುತ್ತಾರೆಂದರೆ ಅವರು ಬಂದ ಉದ್ದೇಶವೇ ಈಡೇರಲಿಲ್ಲ.

ಇದಕ್ಕೆ ಅತ್ಯಂತ ಗಂಭೀರವಾದ ಆಕ್ಷೇಪ ಹಸಿವಿನ ಕಡೆಯಿಂದ ಬರುತ್ತದೆ. ಮಳೆಗಾಲದ ಆಟಿ ತಿಂಗಳು ತುಳುನಾಡಿನ ನೆನಪಿನಲ್ಲಿ ಕಷ್ಟದ ತಿಂಗಳು. ಕಳೆದ ಬೆಳೆಯ ಅಕ್ಕಿ ಮುಗಿದಿರುತ್ತಿತ್ತು, ಹೊಸ ಬೆಳೆ ಗದ್ದೆಯಲ್ಲೇ ಇರುತ್ತಿತ್ತು, ಕೂಲಿ ಇರಲಿಲ್ಲ. ಭೂಮಿಯಿಲ್ಲದವರು ಚಗಟೆ ಸೊಪ್ಪು, ಹಲಸಿನ ಬೀಜ ತಿಂದದ್ದು ರುಚಿಗಲ್ಲ, ಬೇರೇನೂ ಇಲ್ಲದ್ದಕ್ಕೆ. ಬಡತನದ ಊಟವನ್ನು ಪ್ರವಾಸಿಗರ ವಿಶೇಷ ಖಾದ್ಯವನ್ನಾಗಿ ಮಾಡುವುದು ಆ ನೋವಿಗೆ ಅವಮಾನವಲ್ಲವೇ? ಹಸಿವನ್ನು ಹಬ್ಬವಾಗಿಸಿದರೆ ಖಂಡಿತ ಅವಮಾನ. ಆದರೆ ಹಸಿವು ಒಂದು, ಹಸಿವಿನ ನಡುವೆ ಜನ ಕಂಡುಕೊಂಡ ಜಾಣ್ಮೆ ಇನ್ನೊಂದು. ಕೆಸುವಿನ ತುರಿಕೆಯನ್ನು ಹುಳಿಯಿಂದ ತೆಗೆಯಬಹುದೆಂದು ಕಂಡುಕೊಂಡವರು, ಕಣಿಲೆಯನ್ನು ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿಟ್ಟು ತಿನ್ನಲು ಯೋಗ್ಯವಾಗಿಸಿದವರು, ಯಾವ ಸೊಪ್ಪು ಯಾವ ವಾರದಲ್ಲಿ ಎಳತೆಂದು ತಿಳಿದವರು ಪಂಡಿತರೇ. ಆ ವಿದ್ಯೆಯನ್ನು ಕಡೆಗಣಿಸಿ, ಅವರ ಊರಿನ ಹೆಸರಿನಲ್ಲಿ ದೂರದ ಮೀನು ತಿನ್ನುವುದರಿಂದ ಅವರ ನೋವಿಗೆ ಯಾವ ಗೌರವವೂ ಸಲ್ಲುವುದಿಲ್ಲ. ಕರಾವಳಿಯ ಜನರೇ ಊರೂರಿನಲ್ಲಿ "ಆಟಿಡೊಂಜಿ ದಿನ" ಆಚರಿಸಿ ಈ ಅಡುಗೆಗಳನ್ನು ಸಾಲಾಗಿ ಇಟ್ಟು ಬಡಿಸುತ್ತಿರುವುದು, ತಮ್ಮ ಹಿರಿಯರು ಏನನ್ನು ದಾಟಿ ಬಂದರೆಂಬುದನ್ನು ಮರೆಯಬಾರದೆಂದೇ. ಹೊರಗಿನವರು ಅದರಲ್ಲಿ ಪಾಲು ಪಡೆಯುವುದಾದರೆ ಒಂದು ಶರತ್ತಿದೆ: ಗಂಜಿಯೂಟ ಅಗ್ಗವಾಗಿರಬೇಕೆಂದು ಚೌಕಾಸಿ ಮಾಡಬಾರದು. ಸೊಳೆ ಬಿಡಿಸುವ, ಮೀನು ಒಣಗಿಸುವ ದುಡಿಮೆ ಬಹುಪಾಲು ಹೆಂಗಸರದು. ಅದಕ್ಕೆ ಅಂಜಲ್ ಫ್ರೈಗೆ ಕೊಡುವಷ್ಟೇ ಮನಸ್ಸಿಟ್ಟು ಬೆಲೆ ಕೊಡಬೇಕು.

ಬೆಲೆಯ ಮಾತು ಬಂದಾಗ ಹೋಟೆಲ್ ಮಾಲೀಕರ ಆಕ್ಷೇಪವೂ ಎದುರಾಗುತ್ತದೆ. ಮಳೆಗಾಲದಲ್ಲಿ ವ್ಯಾಪಾರ ಮೊದಲೇ ಕಡಿಮೆ. ಬಂದ ಗ್ರಾಹಕ ಕೇಳಿದ್ದನ್ನು ಕೊಡದಿದ್ದರೆ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರಿಗೆ ಅದನ್ನು ಬಡಿಸುವುದಾದರೂ ಹೇಗೆ ಎಂದು ಅವರು ಕೇಳುತ್ತಾರೆ. ಮಾಲೀಕರ ಸಂಕಟ ನಿಜ, ಆದರೆ ಆ ಸಂಕಟವನ್ನು ಹುಟ್ಟಿಸಿದ್ದು ಗ್ರಾಹಕನ ಅಜ್ಞಾನ. ಹಾಗಾಗಿ ಪರಿಹಾರವೂ ಗ್ರಾಹಕನಿಂದಲೇ ಆರಂಭವಾಗಬೇಕು. ಹೊರರಾಜ್ಯದ ಮೀನಿಗೆ ಕೊಟ್ಟ ಹಣದ ದೊಡ್ಡ ಪಾಲು ಸಾಗಣೆಗೆ, ಮಂಜುಗಡ್ಡೆಗೆ, ಮಧ್ಯವರ್ತಿಗಳಿಗೆ ಹೋಗುತ್ತದೆ. ಬೋಟು ದಡದಲ್ಲಿ ನಿಂತು ಆದಾಯವಿಲ್ಲದೆ ಕೂತ ಮೀನುಗಾರ ಕುಟುಂಬಕ್ಕೆ ಅದರಿಂದ ಬಿಡಿಗಾಸೂ ಸಿಗುವುದಿಲ್ಲ. ಒಣಮೀನು, ಸೊಳೆ, ಹಪ್ಪಳ, ಮಿಡಿ ಉಪ್ಪಿನಕಾಯಿಗೆ ಕೊಟ್ಟ ಹಣ ಊರಲ್ಲೇ ಉಳಿಯುತ್ತದೆ, ಅದೂ ಅತ್ಯಂತ ಬೇಕಾದ ತಿಂಗಳುಗಳಲ್ಲಿ. ಒಣಮೀನನ್ನು ಕೀಳೆಂದು ಕಾಣುವ ಅಭ್ಯಾಸದಲ್ಲಿ ವಾಸನೆಗಿಂತ ಜಾತಿಯ ಪಾಲೇ ಹೆಚ್ಚು ಎಂಬುದನ್ನೂ ಹೇಳಲೇಬೇಕು. ಅದನ್ನು ಮಾರುವ ಕೈ ಯಾರದು, ತಿನ್ನುವ ಕೇರಿ ಯಾವುದು ಎಂಬ ಎಣಿಕೆ ಆ ತಿರಸ್ಕಾರದಲ್ಲಿ ಅಡಗಿದೆ. ಪ್ರವಾಸೋದ್ಯಮ ಇಲಾಖೆಯ ಮೇಳಗಳಲ್ಲಿ, ಹೋಟೆಲುಗಳ ಪಟ್ಟಿಯಲ್ಲಿ ಮಳೆಗಾಲದ ಊಟಕ್ಕೆ ಹೆಸರಿನ ಸಮೇತ ಜಾಗ ಸಿಕ್ಕಿದರೆ ಈ ಎಣಿಕೆಗೂ ಒಂದಿಷ್ಟು ಪೆಟ್ಟು ಬೀಳುತ್ತದೆ.

ಇನ್ನು ರಸ್ತೆಯ ವಿಷಯ. ಗಾಳಿಮಳೆಗೆ ಅಂಜದೆ ಒಬ್ಬರೇ ಓಡಿಸಿಕೊಂಡು ಹೋಗುವುದೇ ಸಾಹಸ ಎಂಬ ನಂಬಿಕೆಯನ್ನು ಈ ಹೆದ್ದಾರಿಯ ಈಚಿನ ಇತಿಹಾಸದ ಮುಂದಿಟ್ಟು ನೋಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣುಪಾಲಾದವು. ಅಲ್ಲಿ ನಿಂತಿದ್ದ ಲಾರಿಯೊಂದನ್ನು ಗಂಗಾವಳಿಯ ತಳದಿಂದ ಎತ್ತಲು ಎರಡು ತಿಂಗಳು ಮೀರಿತು. ಮೂರೇ ವಾರಗಳ ಬಳಿಕ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಸತ್ತವರು, ಸಿಲುಕಿದವರು ಸಾಹಸಕ್ಕೆ ಹೊರಟವರಲ್ಲ. ಹೊಟ್ಟೆಪಾಡಿಗಾಗಿ ಅದೇ ದಾರಿಯಲ್ಲಿ ಇರಲೇಬೇಕಾಗಿದ್ದವರು. ಚತುಷ್ಪಥಕ್ಕಾಗಿ ಗುಡ್ಡಗಳನ್ನು ಕಡಿದಾಗಿ ಕತ್ತರಿಸಿದ ರೀತಿಯತ್ತ ತಜ್ಞರು ಬೆರಳು ತೋರಿಸಿದ್ದಾರೆ. ಆ ತಪ್ಪು ಪ್ರವಾಸಿಗರದ್ದಲ್ಲ. ಆದರೆ ಇಂಥ ರಸ್ತೆಯಲ್ಲಿ, ಆಯ್ಕೆಯಿರುವ ಮನುಷ್ಯ ರೆಡ್ ಅಲರ್ಟ್ ದಿನವೂ ಮಜಕ್ಕಾಗಿ ಹೊರಡುವುದನ್ನು ಧೈರ್ಯವೆಂದು ಕರೆಯಲಾಗದು. ಅಪಾಯ ಮುಂಗಾರಿನ ತಿಂಗಳುಗಳಿಗೆ ಮಾತ್ರ ಸೀಮಿತವೂ ಅಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಹಾದುಹೋದಾಗ ಮಂಗಳೂರಿನ ಬಳಿ ಟಗ್ ಮುಳುಗಿ ಜೀವಗಳು ಹೋದವು. ಬಂಡೆಗೆ ಸಿಲುಕಿದ ಇನ್ನೊಂದು ನೌಕೆಯಿಂದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಪಾರುಮಾಡಿದವು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರರಾಜ್ಯಗಳ ದೋಣಿಗಳೂ ಕಾರವಾರದ ಬಂದರಿಗೆ ಬಂದು ಆಶ್ರಯ ಪಡೆದವು. ಅರಬ್ಬಿ ಸಮುದ್ರ ಬಿಸಿಯೇರುತ್ತಿದೆ, ಅದರ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಹವಾಮಾನ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

"ನನ್ನ ಕಾರು, ನನ್ನ ಜೀವ, ಅಪಾಯವೂ ನನ್ನದೇ" ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಕಾಳಿ ಸೇತುವೆ ಕುಸಿದ ರಾತ್ರಿ ಲಾರಿ ಚಾಲಕನನ್ನು ಕತ್ತಲಲ್ಲಿ ಮೇಲೆತ್ತಿದವರಲ್ಲಿ ಅಲ್ಲಿಯ ಮೀನುಗಾರರಿದ್ದರು. ಶಿರೂರಿನಲ್ಲಿ ನೌಕಾಪಡೆ, ಎನ್‌ಡಿಆರ್‌ಎಫ್ ಜತೆಗೆ ಮಲ್ಪೆಯಿಂದ ಬಂದ ಮುಳುಗುಗಾರರೂ ಕೆಂಪು ಪ್ರವಾಹಕ್ಕೆ ಇಳಿದರು. ಬೀಚಿನಲ್ಲಿ ಕಟ್ಟಿದ ಹಗ್ಗ ದಾಟಿ ನೀರಿಗಿಳಿದವರ ಹಿಂದೆ ಧುಮುಕಬೇಕಾದವರು ದಿನಗೂಲಿಯಂತೆ ದುಡಿಯುವ ಜೀವರಕ್ಷಕರು. ಒಬ್ಬಂಟಿಯಾಗಿ ಹೋದವನ ಅಪಾಯ ಎಂದೂ ಒಬ್ಬಂಟಿಯಾಗಿ ಉಳಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಊರಿನವರ ಹೆಗಲೇರುತ್ತದೆ. ಜತೆಯಲ್ಲಿ ಯಾರೂ ಇಲ್ಲದವನು ಕೆಟ್ಟು ನಿಂತಾಗ ಸುದ್ದಿ ಹೊರಗೆ ತಿಳಿಯುವುದೂ ತಡ. ಹಾಗೆಂದು ಮಳೆಗಾಲದಲ್ಲಿ ಯಾರೂ ಬರಬಾರದು, ಒಬ್ಬರೇ ಬರಬಾರದು ಎಂಬ ಇನ್ನೊಂದು ತುದಿಯ ವಾದವನ್ನು ನಾನು ಒಪ್ಪುವುದಿಲ್ಲ. ವಾಸ್ತವದಲ್ಲಿ ಬಿರುಮಳೆಯ ಕರಾವಳಿಗೆ ಸರಿಯಾಗಿ ಹೊಂದುವುದು ಒಬ್ಬಂಟಿ ಪಯಣವೇ. ಕುಟುಂಬ, ಗೆಳೆಯರ ಗುಂಪಿನ ರಜೆ ಮುಂಚೆಯೇ ಗೊತ್ತಾಗಿರುತ್ತದೆ, ಎಲ್ಲರನ್ನೂ ಒಪ್ಪಿಸದೆ ದಾರಿ ಬದಲಿಸಲಾಗದು. ಒಬ್ಬರೇ ಇದ್ದವರು ಹವಾಮಾನ ಇಲಾಖೆ ಕಿತ್ತಳೆ ಬಣ್ಣ ತೋರಿಸಿದ ಬೆಳಿಗ್ಗೆ ಕುಮಟಾದಲ್ಲೇ ಎರಡು ದಿನ ಉಳಿಯಬಹುದು, ಘಟ್ಟದ ರಸ್ತೆ ಬಿಟ್ಟು ಹಿಂದಿರುಗಬಹುದು. ಸಣ್ಣ ಖಾನಾವಳಿಯಲ್ಲಿ ಆ ದಿನ ಮನೆಯವರಿಗೆಂದು ಮಾಡಿದ ಗಂಜಿ, ಒಣಮೀನಿನ ಚಟ್ನಿಯಲ್ಲಿ ಒಬ್ಬರಿಗೆ ಪಾಲು ಸಿಗಬಹುದು. ಹತ್ತು ಜನರ ಗುಂಪಿಗೆ ಸಿಗುವುದಿಲ್ಲ. ಒಬ್ಬಂಟಿತನದ ಶಕ್ತಿ ಈ ನಿಲ್ಲುವ, ಕಾಯುವ, ಕೇಳುವ ಸ್ವಾತಂತ್ರ್ಯದಲ್ಲಿದೆ. ಅದನ್ನು ವೇಗಕ್ಕೂ ಪೌರುಷಕ್ಕೂ ಬಳಸಿ ಹಾಳುಮಾಡುವುದನ್ನೇ ಇಂದಿನ ಪ್ರಚಾರ ಕಲಿಸುತ್ತಿದೆ.

ಹಾಗಾಗಿ ಈ ಪ್ರಚಾರದ ಎರಡು ನಂಬಿಕೆಗಳನ್ನೂ ಒಟ್ಟಿಗೇ ಕೈಬಿಡಬೇಕು. ನಿಷೇಧದ ತಿಂಗಳುಗಳಲ್ಲಿ ಮೀನು ಎಲ್ಲಿಂದ ಬಂತೆಂದು ಹೋಟೆಲುಗಳು ಪಟ್ಟಿಯಲ್ಲೇ ಬರೆಯುವಂತಾಗಬೇಕು. ಗ್ರಾಹಕರು ಅದನ್ನು ಕೇಳುವಂತಾಗಬೇಕು. ಕರಾವಳಿಯ ಊಟದ ಬಗ್ಗೆ ಬರೆಯುವವರು, ವಿಡಿಯೊ ಮಾಡುವವರು ತಿಂಗಳ ಹೆಸರು ಹೇಳದೆ ಯಾವ ಖಾದ್ಯವನ್ನೂ ಹೊಗಳಬಾರದು. ಹವಾಮಾನ ಮುನ್ಸೂಚನೆ ನೋಡದೆ ಹೆದ್ದಾರಿಗೆ ಇಳಿದವರನ್ನು ಸಾಹಸಿಗಳೆಂದು ಕೊಂಡಾಡುವುದು ನಿಲ್ಲಬೇಕು. ಬಂಗುಡೆ, ಬೂತಾಯಿ ಬೇಕಾದವರು ಮಳೆ ಇಳಿದ ಮೇಲೆ ಬರಲಿ. ಆಗ ದಕ್ಕೆಯಲ್ಲಿ ಅವರಿಗೆ ಕಡಲೇ ಬಡಿಸುತ್ತದೆ. ಮಳೆಯಲ್ಲೇ ಬರುವವರು ಮಳೆಯ ಊಟವನ್ನೇ ಕೇಳಲಿ, ಅದಕ್ಕೆ ತಕ್ಕ ಬೆಲೆ ಕೊಡಲಿ, ಗಾಳಿ ನಿಲ್ಲುವವರೆಗೆ ನಿಲ್ಲಲಿ. ಕಡಲಿನ ಜನ ಬದುಕಿ ಉಳಿದದ್ದು ಬಿರುಗಾಳಿಯನ್ನು ಸೋಲಿಸಿ ಅಲ್ಲ, ಅದರ ಕಾಲವನ್ನು ಒಪ್ಪಿ, ಅದಕ್ಕೆ ಮುಂಚೆಯೇ ಸಿದ್ಧರಾಗಿ. ಅವರ ಊಟವನ್ನು ಅರಸಿ ಬರುವವರಿಗೂ ಅದೇ ನಿಯಮ ಅನ್ವಯಿಸುತ್ತದೆ.